ಆಪತ್ತಿಗೆ ಮೊದಲೇ ಮನೆಯೊಳಗೊಂದು ಏರ್ಪಾಡು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಅದನ್ನು ಇನ್ನೊಬ್ಬರ ವಿಷಯದಲ್ಲಿ ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಬಾವಿ ತೋಡಿಟ್ಟಿದ್ದೇವೆಯೇ ಎಂದು ಕೇಳಿಕೊಂಡರೆ ಬಹಳ ಮಂದಿ ಸುಮ್ಮನಾಗಬೇಕಾಗುತ್ತದೆ. ಬೆಂಕಿ, ಮಳೆ, ಸಿಡಿಲು, ವಿದ್ಯುತ್ತು ಇವುಗಳಿಂದ ಒದಗುವ ಆಪತ್ತಿಗೆ ಒಂದು ಕುಟುಂಬ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಏರ್ಪಾಡು ಯಾವುದು ಎಂಬುದನ್ನು ಈ ಲೇಖನದಲ್ಲಿ ತಿಳಿಸುತ್ತೇವೆ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಬೇಕಾದದ್ದು ಒಂದು ಸಂಜೆಯ ಬಿಡುವು, ಒಂದು ಹಾಳೆ ಕಾಗದ, ಮನೆಯವರೆಲ್ಲ ಒಟ್ಟಿಗೆ ಕುಳಿತು ಆಡುವ ಮಾತು.

ಬಾಪೂಜಿ ನಗರದ ಬಳಿ ನಡೆದ ಸಂಗತಿ

ಇಂದು ನಮ್ಮ ಹಳ್ಳಿಗಳಲ್ಲಿ ಬೆಂಗಳೂರಿನಲ್ಲಿ ಮಗನೋ ಮಗಳೋ ತಮ್ಮನೋ ಇಲ್ಲದ ಮನೆ ಅಪರೂಪ. ರಾಮನಗರ, ಚನ್ನಪಟ್ಟಣ, ಮಂಡ್ಯದ ಕಡೆಯಿಂದ ಹೋಗುವ ಬಸ್ಸು ಕೆಂಗೇರಿ, ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣವನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಬಾಪೂಜಿ ನಗರ, ಗುಡ್ಡದಹಳ್ಳಿ, ಹೊಸಗುಡ್ಡದಹಳ್ಳಿಗಳಿವೆ. ಕಿರಿದಾದ ಬೀದಿಗಳು, ಒಂದರ ಪಕ್ಕಕ್ಕೆ ಒಂದು ಅಂಟಿಕೊಂಡ ಮನೆಗಳು, ಮನೆಗಳ ನಡುವೆಯೇ ಸಣ್ಣ ಕಾರ್ಖಾನೆಗಳು, ಗೋದಾಮುಗಳು. ಕೆಲಸ ಹತ್ತಿರದಲ್ಲೇ ಸಿಕ್ಕುತ್ತದೆಂದು ಜನ ಇಂಥ ಕಡೆ ನೆಲೆಸುತ್ತಾರೆ. ಅದೇ ಕಾರಣದಿಂದ ಅಪಾಯವೂ ಮನೆಯ ಹತ್ತಿರವೇ ಇರುತ್ತದೆ.

2020ರ ನವೆಂಬರ್ 10ನೇ ತಾರೀಖು, ಮಂಗಳವಾರ. ಮಧ್ಯಾಹ್ನಕ್ಕೆ ಮೊದಲೇ ಬಾಪೂಜಿ ನಗರಕ್ಕೆ ಸೇರಿದಂತಿರುವ ಹೊಸಗುಡ್ಡದಹಳ್ಳಿಯ ಒಂದು ರಾಸಾಯನಿಕ ಗೋದಾಮಿಗೆ ಬೆಂಕಿ ಹತ್ತಿತು. ಒಳಗಿದ್ದದ್ದು ಬೇಗ ಹೊತ್ತಿಕೊಳ್ಳುವ ಪದಾರ್ಥ. ಪೀಪಾಯಿಗಳು ಸಿಡಿದವು. ಕಪ್ಪು ಹೊಗೆ ಬಹಳ ದೂರದವರೆಗೂ ಕಾಣಿಸಿತು. ಅಕ್ಕಪಕ್ಕದ ಮನೆಗಳಿಗೂ ಬೀದಿಯಲ್ಲಿ ನಿಲ್ಲಿಸಿದ್ದ ವಾಹನಗಳಿಗೂ ಬೆಂಕಿ ತಗುಲಿತು. ಸುತ್ತಲಿನ ಮನೆಗಳವರು ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಹೊರಡಬೇಕಾಯಿತು. ಅಗ್ನಿಶಾಮಕ ದಳದವರು ಹಲವು ಗಂಟೆಗಳ ಕಾಲ ಹೋರಾಡಬೇಕಾಯಿತು.

ಈ ಬೆಂಕಿಯಲ್ಲಿ ನಾವು ಗಮನಿಸಬೇಕಾದದ್ದು ಎರಡು ವಿಷಯ. ಮೊದಲನೆಯದು, ಬೆಂಕಿ ಹುಟ್ಟಿದ್ದು ಆ ಮನೆಗಳ ಒಲೆಯಲ್ಲಿ ಅಲ್ಲ. ನಾವು ಎಷ್ಟೇ ಜಾಗರೂಕರಾಗಿದ್ದರೂ ನೆರೆಯಿಂದ ಆಪತ್ತು ಬರಬಹುದು. ಎರಡನೆಯದು, ಅದು ಬಂದದ್ದು ಕೆಲಸದ ದಿನ, ಕೆಲಸದ ವೇಳೆಯಲ್ಲಿ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಇರುವವರು ಯಾರು? ಸಾಮಾನ್ಯವಾಗಿ ಮುದುಕರು, ಎಳೆಯ ಮಕ್ಕಳು, ಬಾಣಂತಿಯರು, ಕಾಯಿಲೆಯವರು. ಗಟ್ಟಿಮುಟ್ಟಾದವರು ದುಡಿಮೆಗೆ ಹೋಗಿರುತ್ತಾರೆ.

ಆದ್ದರಿಂದ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಮನೆಯ ಯಜಮಾನ ಮನೆಯಲ್ಲಿ ಇಲ್ಲದಾಗಲೂ ನಡೆಯುವಂಥ ಏರ್ಪಾಡೇ ನಿಜವಾದ ಏರ್ಪಾಡು. "ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ" ಎಂಬುದು ಧೈರ್ಯದ ಮಾತು ಹೌದು, ಆದರೆ ಅದು ಏರ್ಪಾಡಲ್ಲ.

ಯಾರು ಯಾರನ್ನು ಕರೆತರಬೇಕು?

ಉದಾಹರಣೆಗೆ ಬಾಪೂಜಿ ನಗರದಲ್ಲಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮೊದಲನೆಯ ಅಂತಸ್ತಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ತಂದೆ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾನೆ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ. ಹಿರಿಯ ಮಗಳು ಏಳನೆಯ ತರಗತಿ, ಕಿರಿಯ ಮಗುವಿಗೆ ಮೂರು ವರ್ಷ. ಮಗುವನ್ನು ನೋಡಿಕೊಳ್ಳಲು ಹಳ್ಳಿಯಿಂದ ಅಜ್ಜಿ ಬಂದಿದ್ದಾಳೆ. ಅಜ್ಜಿಗೆ ಮಂಡಿನೋವು, ರಕ್ತದೊತ್ತಡಕ್ಕೆ ದಿನವೂ ಮಾತ್ರೆ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಈ ಮನೆಯಲ್ಲಿ ಇರುವವರು ಅಜ್ಜಿ ಮತ್ತು ಮಗು ಇಬ್ಬರೇ. ರಾತ್ರಿ ಹನ್ನೊಂದಕ್ಕೆ ಐವರೂ ಇರುತ್ತಾರೆ, ಆದರೆ ಮೆಟ್ಟಿಲ ಕೆಳಗಿನ ಕಬ್ಬಿಣದ ಗೇಟಿಗೆ ಬೀಗ ಬಿದ್ದಿರುತ್ತದೆ. ಹೀಗೆ ಹಗಲಿಗೊಂದು, ರಾತ್ರಿಗೊಂದು ಎರಡು ಏರ್ಪಾಡು ಬೇಕು.

ಹಗಲಿನ ಏರ್ಪಾಡು: ಅಜ್ಜಿ ಮಗುವನ್ನು ಎತ್ತಿಕೊಂಡು ಕೂಡಲೇ ಇಳಿಯಬೇಕು. ಮಂಡಿನೋವಿನಿಂದ ಇಳಿಯುವುದು ನಿಧಾನವಾದ್ದರಿಂದ ಹಗಲಲ್ಲಿ ಮನೆಯಲ್ಲೇ ಇರುವ ನೆರೆಯವರೊಬ್ಬರಿಗೆ ಮೊದಲೇ ಹೇಳಿಟ್ಟಿರಬೇಕು. "ಅಕ್ಕಾ, ಏನಾದರೂ ಆದರೆ ನೀವು ನಮ್ಮ ಅಮ್ಮನನ್ನು ಕೈಹಿಡಿದು ಇಳಿಸಿಬಿಡಿ. ನಿಮ್ಮ ಮಕ್ಕಳು ಸಂಜೆ ಒಬ್ಬರೇ ಇರುವಾಗ ನಾವು ನೋಡಿಕೊಳ್ಳುತ್ತೇವೆ" ಎಂದು ಬಾಯಿಬಿಟ್ಟು ಕೇಳಬೇಕು. ನೆರೆಯವರು ತಾವಾಗಿಯೇ ಬರುತ್ತಾರೆಂದು ತಿಳಿಯುವುದಕ್ಕಿಂತ ಕೇಳಿಟ್ಟಿರುವುದು ಒಳ್ಳೆಯದು. ಗಲಿಬಿಲಿಯಲ್ಲಿ ಪ್ರತಿಯೊಬ್ಬರೂ ಬೇರೆ ಯಾರೋ ನೋಡಿಕೊಂಡಿರಬಹುದೆಂದು ಭಾವಿಸುವುದುಂಟು.

ರಾತ್ರಿಯ ಏರ್ಪಾಡು: ಗೇಟಿನ ಬೀಗದ ಕೈ ಬಾಗಿಲ ಪಕ್ಕದಲ್ಲಿ ಒಂದೇ ಮೊಳೆಗೆ ತೂಗಿರಬೇಕು. ಕತ್ತಲಲ್ಲಿ ತಡಕಿದರೂ ಕೈಗೆ ಸಿಗಬೇಕು. ತಂದೆ ತನ್ನ ತಾಯಿಯನ್ನು, ತಾಯಿ ಮಗುವನ್ನು ಕರೆದುಕೊಳ್ಳಬೇಕು. ಹಿರಿಯ ಮಗಳು ಚೀಲವೊಂದನ್ನು ತೆಗೆದುಕೊಂಡು ಮುಂದೆ ನಡೆಯಬೇಕು. ಚೀಲದ ವಿಷಯ ಮುಂದೆ ಬರುತ್ತದೆ.

ಇಲ್ಲಿ ಹಿರಿಯರ ವಿಷಯವಾಗಿ ಒಂದು ಸೂಕ್ಷ್ಮವಿದೆ. ಮುದುಕರು ಮನೆಯ ವಸ್ತುಗಳಿಗೆ ತಾವೇ ಕಾವಲೆಂದು ತಿಳಿದಿರುತ್ತಾರೆ. ಅಜ್ಜಿ ಹೀಗೆ ಕೇಳಬಹುದು: "ಟ್ರಂಕಿನಲ್ಲಿ ನಿನ್ನ ಹೆಂಡತಿಯ ಓಲೆ ಇದೆಯಲ್ಲಪ್ಪಾ, ಅದನ್ನು ಬಿಟ್ಟು ಹೇಗೆ ಬರಲಿ?" ಇದಕ್ಕೆ ಮಗ ಇಂದೇ ಉತ್ತರ ಹೇಳಿಟ್ಟಿರಬೇಕು: "ಅಮ್ಮಾ, ಓಲೆ ಹೋದರೆ ಮತ್ತೆ ಮಾಡಿಸೋಣ. ಟ್ರಂಕಿನ ಕಡೆ ತಿರುಗಿ ನೋಡಬೇಡ. ನೀನೂ ಮಗುವೂ ಬಂದರೆ ಸಾಕು." ಸೊಸೆಯೂ ಅದೇ ಮಾತನ್ನು ತನ್ನ ಬಾಯಿಂದಲೇ ಹೇಳಿದರೆ ಇನ್ನೂ ಒಳ್ಳೆಯದು. ಬಿಟ್ಟು ಬಂದರೆ ಯಾರೂ ಬೈಯುವುದಿಲ್ಲ ಎಂಬ ಭರವಸೆ ಮೊದಲೇ ಸಿಕ್ಕಿದ್ದರೆ ಆಪತ್ಕಾಲದಲ್ಲಿ ಅವರು ತಡಮಾಡುವುದಿಲ್ಲ. ಒಂದು ಸಲ ಹೊರಗೆ ಬಂದ ಮೇಲೆ ಯಾವ ವಸ್ತುವಿಗಾಗಿಯೂ ಒಳಗೆ ಹಿಂತಿರುಗಬಾರದು. ಒಳಗೆ ಯಾರಾದರೂ ಉಳಿದಿದ್ದರೆ ಅಗ್ನಿಶಾಮಕ ದಳದವರಿಗೆ ಯಾವ ಕೋಣೆಯೆಂದು ತಿಳಿಸಬೇಕು.

ಎಲ್ಲಿ ಸೇರಬೇಕು?

ಹೊರಗೆ ಬಂದವರು ದಿಕ್ಕಿಗೊಬ್ಬರಾಗಿ ಚದುರಿದರೆ ಒಬ್ಬರನ್ನೊಬ್ಬರು ಹುಡುಕುವುದೇ ಇನ್ನೊಂದು ಆಪತ್ತಾಗುತ್ತದೆ. ತಾಯಿ ಹೊರಗೆ ಬಂದಿದ್ದರೂ ಒಳಗಿದ್ದಾಳೆಂದು ತಿಳಿದು ಮಗ ಹೊಗೆಯೊಳಗೆ ನುಗ್ಗುವ ಸಂಭವವಿರುತ್ತದೆ. ಆದ್ದರಿಂದ ಎರಡು ಜಾಗಗಳನ್ನು ಗೊತ್ತುಮಾಡಿಕೊಳ್ಳಬೇಕು.

ಮೊದಲನೆಯ ಜಾಗ ಮನೆಗೆ ಹತ್ತಿರ, ಬೀದಿಯ ಕೊನೆಯಲ್ಲಿ ಇರಬೇಕು. ದೇವಸ್ಥಾನದ ಕಟ್ಟೆಯೋ ಹಾಲಿನ ಅಂಗಡಿಯೋ ಆಗಬಹುದು. ಮನೆಯಲ್ಲೇ ಹೊತ್ತಿದ ಸಣ್ಣ ಬೆಂಕಿಗೆ ಇದು ಸಾಕು. ಎರಡನೆಯ ಜಾಗ ಬಡಾವಣೆಯ ಹೊರಗಿರಬೇಕು. ಹೊಸಗುಡ್ಡದಹಳ್ಳಿಯಲ್ಲಿ ಆದಂತೆ ಇಡೀ ಬೀದಿಯನ್ನೇ ತೆರವು ಮಾಡಿಸಿದರೆ ಮೊದಲನೆಯ ಜಾಗ ಉಪಯೋಗಕ್ಕೆ ಬಾರದು. ಆಗ ಬೇರೆ ಬಡಾವಣೆಯಲ್ಲಿರುವ ನೆಂಟರ ಮನೆ ಅಥವಾ ಮಕ್ಕಳಿಗೂ ಗುರುತಿರುವ ಬಸ್ ನಿಲ್ದಾಣವನ್ನು ಇಟ್ಟುಕೊಳ್ಳಬಹುದು. ಜಾಗವನ್ನು ಹೇಳುವಾಗ "ಮೆಟ್ರೋ ಹತ್ತಿರ" ಎಂದರೆ ಸಾಲದು. ಯಾವ ನಿಲ್ದಾಣ, ಯಾವ ಬಾಗಿಲು, ರಸ್ತೆಯ ಯಾವ ಬದಿ ಎಂಬುದನ್ನೂ ಗೊತ್ತುಮಾಡಬೇಕು.

ಶಾಲೆಯಲ್ಲಿರುವ ಮಗುವಿನ ವಿಷಯ ಬೇರೆ. ತಂದೆ ತಾಯಿ ಬರುವವರೆಗೂ ಮಗು ಶಾಲೆಯಲ್ಲೇ ಇರಬೇಕು. ಅವರಿಗೆ ಬರಲಾಗದಿದ್ದರೆ ಯಾರೊಡನೆ ಕಳಿಸಬಹುದೆಂದು ಒಂದೆರಡು ಹೆಸರನ್ನು ಉಪಾಧ್ಯಾಯರಲ್ಲಿ ಬರೆಸಿಟ್ಟಿರಬೇಕು.

ಯಾರಿಗೆ ಸುದ್ದಿ ಮುಟ್ಟಿಸಬೇಕು?

ಇದು ಹಳ್ಳಿಯ ಮನೆಯವರು ಮಾಡಬೇಕಾದ ಕೆಲಸ. ದೊಡ್ಡ ಅನಾಹುತವಾದಾಗ ಒಂದೇ ಪ್ರದೇಶದ ಜನರೆಲ್ಲ ಒಟ್ಟಿಗೆ ಫೋನ್ ಮಾಡುತ್ತಾರೆ. ಕರೆಗಳು ಸಿಗುವುದಿಲ್ಲ. ಹಾಗಾದಾಗಲೂ ಒಂದು ಸಾಲಿನ ಸಂದೇಶ ಕಳಿಸಿದರೆ ಅದು ಎಷ್ಟೋ ಸಲ ಹೋಗಿ ತಲುಪುತ್ತದೆ. ಆದ್ದರಿಂದ ಊರಿನಲ್ಲಿರುವ ಒಬ್ಬರನ್ನು ಸುದ್ದಿಯ ಕೇಂದ್ರವಾಗಿ ಗೊತ್ತುಮಾಡಬೇಕು. ಅವರು ದೊಡ್ಡಪ್ಪನಾಗಲಿ ಸೋದರಮಾವನಾಗಲಿ, ಫೋನು ಸದಾ ಕೈಯಲ್ಲಿರುವವರಾದರೆ ಸಾಕು. ತಂದೆ ವರ್ಕ್‌ಶಾಪಿನಿಂದ, ತಾಯಿ ಕಾರ್ಖಾನೆಯಿಂದ, ಅಜ್ಜಿ ನೆರೆಯವರ ಫೋನಿನಿಂದ ಅವರೊಬ್ಬರಿಗೇ "ಕ್ಷೇಮ, ಇಂಥ ಕಡೆ ಇದ್ದೇನೆ" ಎಂದು ತಿಳಿಸಬೇಕು. ಉಳಿದವರೆಲ್ಲ ಅವರನ್ನು ಕೇಳಿ ತಿಳಿದುಕೊಳ್ಳಬೇಕು.

ಆ ನಂಬರನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಫೋನು ಹೋದ ದಿನ ನಂಬರೂ ಹೋಗುತ್ತದೆ. ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಒಂದು ಚೀಟಿ, ಮಕ್ಕಳ ಶಾಲೆಯ ಚೀಲದಲ್ಲಿ ಒಂದು ಚೀಟಿ ಇರಬೇಕು. ಹತ್ತು ಅಂಕಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಕಷ್ಟವಲ್ಲ. ಮಗ್ಗಿ ಕಲಿಯುವ ಮಗು ಇದನ್ನೂ ಕಲಿಯುತ್ತದೆ.

ಇನ್ನೊಂದು ಎಚ್ಚರಿಕೆ: ಸುದ್ದಿ ತಿಳಿದ ಕೂಡಲೇ ಹಳ್ಳಿಯಿಂದ ಹೊರಟುಬಿಡಬಾರದು. 2022ರ ಆಗಸ್ಟ್ ಕೊನೆಯ ವಾರದಲ್ಲಿ ರಾಮನಗರ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ ಕೆರೆಗಳು ಕೋಡಿಬಿದ್ದು ಒಡೆದವು. ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ವಾಹನಗಳು ಕನಕಪುರ, ಕುಣಿಗಲ್ ಮಾರ್ಗವಾಗಿ ಸುತ್ತಿ ಹೋಗಬೇಕಾಯಿತು. ಅಂಥ ದಿನ ನಗರದ ಮಗನಿಗೆ ಹಳ್ಳಿಯ ಚಿಂತೆ, ಹಳ್ಳಿಯ ತಾಯಿಗೆ ನಗರದ ಚಿಂತೆ. ಇಬ್ಬರೂ ದಾರಿಗಿಳಿದರೆ ಇಬ್ಬರಿಗೂ ಅಪಾಯ. "ಕ್ಷೇಮ" ಎಂಬ ಒಂದು ಮಾತು ಬಂದರೆ ಇದ್ದಲ್ಲೇ ಇರುವುದು ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು.

ಬಾಗಿಲ ಬಳಿಯ ಚೀಲ

ಹೊರಡುವಾಗ ಒಂದೇ ಕೈಯಲ್ಲಿ ಎತ್ತಬಹುದಾದ ಚೀಲವೊಂದನ್ನು ಬಾಗಿಲ ಹತ್ತಿರ ತೂಗುಹಾಕಿರಬೇಕು. ಅದರಲ್ಲಿ ಇರಬೇಕಾದವು ಇಷ್ಟು:

1. ದಿನವೂ ನುಂಗುವ ಮಾತ್ರೆಗಳು ಒಂದು ವಾರಕ್ಕೆ ಆಗುವಷ್ಟು, ಜೊತೆಗೆ ವೈದ್ಯರ ಚೀಟಿಯ ನಕಲು.
2. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆರೋಗ್ಯ ಕಾರ್ಡು, ಮಕ್ಕಳ ಅಂಕಪಟ್ಟಿ ಇವುಗಳ ನಕಲುಗಳು, ನೀರು ಸೋಂಕದ ಪ್ಲಾಸ್ಟಿಕ್ ಲಕೋಟೆಯಲ್ಲಿ.
3. ಟಾರ್ಚು, ಬೇರೆ ಸೆಲ್ಲುಗಳು, ಒಂದು ಸೀಟಿ.
4. ಚಿಲ್ಲರೆ ಹಣ. ವಿದ್ಯುತ್ತಿಲ್ಲದಾಗ ಫೋನಿನಿಂದ ಹಣ ಕೊಡುವುದು ನಡೆಯದು.
5. ಕುಡಿಯುವ ನೀರಿನ ಬಾಟಲಿ, ಬಿಸ್ಕತ್ತು, ಹುರಿಗಡಲೆ ಬೆಲ್ಲ.
6. ಮಗುವಿಗೂ ಹೆಂಗಸರಿಗೂ ಬೇಕಾದ ಬಟ್ಟೆ, ಒಂದು ಹೊದಿಕೆ.
7. ಹತ್ತಿ, ಬ್ಯಾಂಡೇಜು, ನಂಜುನಿವಾರಕ ಮುಲಾಮು.

ಮೂಲ ದಾಖಲೆಗಳ ವಿಷಯದಲ್ಲಿ ಹಳ್ಳಿ ಮತ್ತು ನಗರದ ಮನೆಗಳು ಒಂದಕ್ಕೊಂದು ನೆರವಾಗಬಹುದು. ನಗರದ ಮನೆಯ ದಾಖಲೆಗಳ ಒಂದು ನಕಲು ಹಳ್ಳಿಯ ಪೆಟ್ಟಿಗೆಯಲ್ಲಿ ಇರಲಿ. ಹಳ್ಳಿಯ ಪಹಣಿ, ಕ್ರಯಪತ್ರಗಳ ಒಂದು ನಕಲು ನಗರದಲ್ಲಿ ಇರಲಿ. ಎರಡು ಮನೆಗಳೂ ಒಂದೇ ದಿನ ಹಾಳಾಗುವುದು ಅಪರೂಪ. ಫೋನಿನ ಡಿಜಿಲಾಕರ್‌ನಲ್ಲಿಯೂ ದಾಖಲೆಗಳನ್ನು ಇಟ್ಟುಕೊಳ್ಳಬಹುದು.

ನೆನಪಿರಲಿ: ಚೀಲ ಕೈಗೆ ಸಿಕ್ಕಿದರೆ ತರುವುದು, ಸಿಗದಿದ್ದರೆ ಬಿಡುವುದು. ಅದಕ್ಕಾಗಿ ಯಾರೂ ನಿಲ್ಲಬಾರದು.

ಬೆಂಕಿ ಮತ್ತು ಅಡಿಗೆಯ ಅನಿಲ

ಹೊಗೆ ಮೇಲಕ್ಕೇರುತ್ತದೆ. ಒಳ್ಳೆಯ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಆದ್ದರಿಂದ ಹೊಗೆ ತುಂಬಿದ ಕೋಣೆಯಲ್ಲಿ ಬಗ್ಗಿ, ಅಗತ್ಯ ಬಿದ್ದರೆ ತೆವಳಿಕೊಂಡು ಹೊರಗೆ ಬರಬೇಕು. ಮೆಟ್ಟಿಲಿನಲ್ಲಿ ಹೊಗೆ ತುಂಬಿ ಇಳಿಯಲಾಗದಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೀದಿಯ ಕಡೆಯ ಕಿಟಕಿಯಲ್ಲಿ ನಿಂತು ಕೂಗಬೇಕು, ಸೀಟಿ ಊದಬೇಕು. ಬೆಂಕಿಯಿದ್ದಾಗ ಲಿಫ್ಟನ್ನು ಬಳಸಕೂಡದು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲದ ಮೇಲೆ ಮಲಗಿ ಹೊರಳಬೇಕು.

ಅಡಿಗೆಯ ಅನಿಲದ ಗುಣ ಹೊಗೆಗೆ ವಿರುದ್ಧ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ಪದಾರ್ಥವನ್ನು ಬೆರೆಸಿರುತ್ತಾರೆ. ವಾಸನೆ ಬಂದ ಕೂಡಲೇ ಬೆಂಕಿಕಡ್ಡಿ ಗೀರಬಾರದು. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು, ಏಕೆಂದರೆ ಎರಡರಿಂದಲೂ ಕಿಡಿ ಹಾರಬಹುದು. ದೇವರ ದೀಪ, ಊದುಬತ್ತಿಗಳನ್ನು ಆರಿಸಬೇಕು. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು, ಆಮೇಲೆ 1906ಕ್ಕೆ ಫೋನ್ ಮಾಡಬೇಕು. ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿರಬೇಕು. ರಬ್ಬರ್ ಕೊಳವೆಯ ಮೇಲೆ ನಮೂದಿಸಿರುವ ಅವಧಿ ಮುಗಿದಿದ್ದರೆ ಅದನ್ನು ಬದಲಾಯಿಸಬೇಕು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ಹಾಕಿದರೆ ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಒಲೆಯನ್ನು ಆರಿಸಿ ತಟ್ಟೆಯನ್ನು ಮುಚ್ಚಬೇಕು. ಬ್ಯಾಟರಿಯ ಸ್ಕೂಟರುಗಳನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ರಾತ್ರಿಯೆಲ್ಲ ಚಾರ್ಜಿಗೆ ಹಾಕುವ ರೂಢಿ ಈಗ ಬಂದಿದೆ. ಹೊರಬರುವ ದಾರಿ ಅದೊಂದೇ ಆಗಿದ್ದಲ್ಲಿ ಈ ರೂಢಿಯನ್ನು ಬಿಡಬೇಕು.

ಸುಟ್ಟ ಗಾಯಕ್ಕೆ ತಣ್ಣೀರೇ ಮೊದಲ ಔಷಧ. ಇಪ್ಪತ್ತು ನಿಮಿಷಗಳ ಕಾಲ ಹರಿಯುವ ತಣ್ಣೀರನ್ನು ಬಿಡಬೇಕು. ಶಾಯಿ, ಟೂತ್‌ಪೇಸ್ಟು, ಬೆಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು. ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು.

ಮಳೆಯ ನೀರು

ಮೈಸೂರು ರಸ್ತೆಯ ಮಗ್ಗುಲಲ್ಲಿ ವೃಷಭಾವತಿ ಹರಿಯುತ್ತಾಳೆ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದವಳೆಂದು ಜನ ನಂಬುವ ಈ ನದಿ ಅರ್ಕಾವತಿಯನ್ನು ಸೇರಿ, ಅದರ ಮೂಲಕ ಕಾವೇರಿಗೆ ಹೋಗುತ್ತದೆ. ಈಗ ನಗರದೊಳಗೆ ಅದು ಕೊಳಚೆ ಹೊತ್ತ ಕಾಲುವೆ. ಬೇಸಗೆಯಲ್ಲಿ ನೋಡಿದವರಿಗೆ ಇದರಿಂದ ಅಪಾಯವುಂಟೆಂದು ತೋರುವುದಿಲ್ಲ. ಆದರೆ ಜೋರು ಮಳೆಯಲ್ಲಿ ಗಾಳಿ ಆಂಜನೇಯಸ್ವಾಮಿ ದೇವಾಲಯದ ಆವರಣಕ್ಕೆ ನೀರು ನುಗ್ಗಿದ್ದುಂಟು. ನಗರದ ನೆಲವೆಲ್ಲ ಸಿಮೆಂಟು, ಟಾರು ಆಗಿರುವುದರಿಂದ ಬಿದ್ದ ಮಳೆ ಇಂಗುವುದಿಲ್ಲ. ಎಲ್ಲ ಕಡೆಯ ನೀರೂ ಒಂದೇ ಗಳಿಗೆಯಲ್ಲಿ ರಾಜಕಾಲುವೆಗೆ ಬರುತ್ತದೆ. ಹೀಗಾಗಿ ಹಳ್ಳಿಯ ಹಳ್ಳದಂತೆ ನೀರು ಏರುವುದನ್ನು ನೋಡುತ್ತ ಕೂರುವಷ್ಟು ಸಮಯವಿರುವುದಿಲ್ಲ.

2017ರ ಅಕ್ಟೋಬರ್ 13ರ ರಾತ್ರಿ ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಮಳೆನೀರು ಉಕ್ಕಿ ರಾಜಕಾಲುವೆಯ ಬದಿಯ ಜನ ಕೊಚ್ಚಿಹೋಗಿ ಸತ್ತರು. 2023ರ ಮೇ 21ರಂದು ನಗರದ ನಡುವಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ಮಳೆನೀರಿಗೆ ಕಾರು ಸಿಲುಕಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ವಿಧಾನಸೌಧಕ್ಕೆ ಅಷ್ಟು ಹತ್ತಿರದ ಜಾಗದಲ್ಲೇ ಹೀಗಾಯಿತು.

ಒಂದು ಗೇಣಿಗಿಂತ ಕಡಿಮೆ, ಅಂದರೆ ಸುಮಾರು 15 ಸೆಂಟಿಮೀಟರ್ ಆಳದ ರಭಸದ ನೀರು ದೊಡ್ಡವರನ್ನೂ ಬೀಳಿಸಬಲ್ಲದು. ಸುಮಾರು 60 ಸೆಂಟಿಮೀಟರ್ ನೀರು ಕಾರನ್ನು ತೇಲಿಸಬಲ್ಲದು. ಆದ್ದರಿಂದ ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಹಿಂತಿರುಗಬೇಕು. ಮಣ್ಣುಬಣ್ಣದ ನೀರಿನ ಕೆಳಗೆ ತೆರೆದ ಮೋರಿ ಇದೆಯೋ ಇಲ್ಲವೋ ಕಾಣದು.

ನೀರು ಮನೆಗೆ ಬರುವ ಸೂಚನೆ ಕಂಡರೆ ಒಣನೆಲದಲ್ಲಿ ನಿಂತು ಮೇನ್ ಸ್ವಿಚ್ಚನ್ನು ಆರಿಸಬೇಕು. ಸ್ವಿಚ್ಚಿನವರೆಗೂ ನೀರು ಬಂದಿದ್ದರೆ ಅದರ ಹತ್ತಿರ ಹೋಗದೆ 1912ಕ್ಕೆ ತಿಳಿಸಬೇಕು. ಹರಿದುಬಿದ್ದ ತಂತಿಯನ್ನು ತುಳಿಯುವುದಿರಲಿ, ಹತ್ತಿರಕ್ಕೂ ಹೋಗಬಾರದು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಕಾಡುಗೋಡಿಯ ಬಳಿ ಕಾಲುದಾರಿಯಲ್ಲಿ ಬಿದ್ದಿದ್ದ ತಂತಿಯಿಂದ ತಾಯಿ ಮತ್ತು ಎಳೆಯ ಕೂಸು ಒಟ್ಟಿಗೆ ಸತ್ತರು. ನೀರು ಇಳಿದ ಮೇಲೆ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ತೊಟ್ಟಿಗೆ ಕೊಳಚೆ ಸೇರಿದ್ದರೆ ಖಾಲಿಮಾಡಿ ತೊಳೆಯದೆ ಉಪಯೋಗಿಸಬಾರದು.

ಹಳ್ಳಿಯ ಮನೆಯಲ್ಲಿ

ಇದೆಲ್ಲ ನಗರದವರ ತೊಂದರೆ ಎಂದು ತಿಳಿಯಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಎಷ್ಟೋ ಮಂದಿ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಉತ್ತರ ಕರ್ನಾಟಕದ ಹಳ್ಳಿಗಳನ್ನು ಮುಳುಗಿಸಿದವು. ಹೊರಬರುವುದು ಹೇಗೆ, ಸೇರುವುದು ಎಲ್ಲಿ, ತಿಳಿಸುವುದು ಯಾರಿಗೆ ಎಂಬ ಪ್ರಶ್ನೆಗಳೇ ಹಳ್ಳಿಯಲ್ಲಿಯೂ ಬರುತ್ತವೆ. ಅವುಗಳ ಜೊತೆಗೆ ಕೆಲವು ಸೇರುತ್ತವೆ.

ದನಕರುಗಳ ಹಗ್ಗ ಬಿಚ್ಚುವವರು ಯಾರೆಂದು ಗೊತ್ತುಮಾಡಬೇಕು. ಕಟ್ಟಿಹಾಕಿದ ದನ ನೀರಿನಲ್ಲಾಗಲಿ ಬೆಂಕಿಯಲ್ಲಾಗಲಿ ಬದುಕಲಾರದು. ಬಿಟ್ಟರೆ ಅದು ತಾನೇ ದಾರಿ ಕಂಡುಕೊಳ್ಳುತ್ತದೆ. ಹುಲ್ಲಿನ ಮೆದೆಯನ್ನು ಮನೆಗೂ ಕೊಟ್ಟಿಗೆಗೂ ಒತ್ತಿ ಹಾಕಬಾರದು. ಬಿಡದೆ ಮಳೆ ಹಿಡಿದಾಗ ನೆನೆದ ಮಣ್ಣಿನ ಗೋಡೆಯ ಪಕ್ಕದಲ್ಲಿ ಮಲಗಬಾರದು. ಗುಡುಗು ಕೇಳಿಸಿದರೆ ಹೊಲದಿಂದ ಗಟ್ಟಿ ಕಟ್ಟಡಕ್ಕೆ ಬರಬೇಕು; ಒಂಟಿ ಮರದ ಕೆಳಗೆ ನಿಲ್ಲಬಾರದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ಔಷಧವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಆ ಔಷಧ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಇಂದೇ ಬರೆದಿಟ್ಟುಕೊಳ್ಳಿರಿ.

ಒಂದು ಹಾಳೆಯಲ್ಲಿ ಬರೆದಿಡಿ

ಮಾತಾಡಿದ್ದನ್ನೆಲ್ಲ ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಯ ಮೇಲೆ ಬರೆದು ಬಾಗಿಲ ಹಿಂದೆ ಅಂಟಿಸಬೇಕು. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೇ ಕೊಡಿ. ತಾನು ಬರೆದದ್ದನ್ನು ಅದು ಮರೆಯುವುದಿಲ್ಲ. ಹಾಳೆಯಲ್ಲಿ ಇರಬೇಕಾದವು:

1. ಮನೆಯಲ್ಲಿರುವವರ ಹೆಸರು, ಅವರ ಕಾಯಿಲೆ, ಔಷಧ, ರಕ್ತದ ಗುಂಪು.
2. ಹಗಲಿನಲ್ಲಿ ಯಾರು ಯಾರನ್ನು ಕರೆತರಬೇಕು. ರಾತ್ರಿಯಲ್ಲಿ ಯಾರು ಯಾರನ್ನು.
3. ಸಹಾಯಕ್ಕೆ ಒಪ್ಪಿದ ನೆರೆಯವರು.
4. ಸೇರುವ ಎರಡು ಜಾಗಗಳು.
5. ಊರಿನಲ್ಲಿ ಸುದ್ದಿ ತಿಳಿಸಬೇಕಾದವರ ನಂಬರು.
6. ಮೇನ್ ಸ್ವಿಚ್ಚು, ನೀರಿನ ತಿರುಪು, ಬೀಗದ ಕೈ ಇರುವ ಜಾಗ.
7. ತುರ್ತು ನಂಬರುಗಳು: ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ 112; ಅಗ್ನಿಶಾಮಕ ದಳ 101; ಆಂಬುಲೆನ್ಸ್ 108; ವಿದ್ಯುತ್ತು 1912; ಅನಿಲ ಸೋರಿಕೆ 1906.
8. ಮನೆಯ ಪೂರ್ತಿ ವಿಳಾಸ ಮತ್ತು ಹತ್ತಿರದ ಗುರುತು.

ಕೊನೆಯದನ್ನು ಯಾರೂ ಬಿಡಬಾರದು. ಹಳ್ಳಿಯಿಂದ ಬಂದ ಅಜ್ಜಿಗೆ ಮಗನ ಮನೆಯ ಅಡ್ಡರಸ್ತೆಯ ನಂಬರು ತಿಳಿದಿರುವುದಿಲ್ಲ. ಗಾಬರಿಯಲ್ಲಿ ಮಗನೂ ಮರೆಯಬಹುದು. ಫೋನ್ ಮಾಡಿದವರು ಗೋಡೆಯ ಮೇಲಿನದನ್ನು ಓದಿ ಹೇಳಿದರೆ ವಾಹನ ತಪ್ಪು ಬೀದಿಗೆ ಹೋಗುವುದಿಲ್ಲ. ಓದು ಬಾರದವರಿರುವ ಮನೆಯಲ್ಲಿ ವಿಳಾಸವನ್ನೂ 112 ಎಂಬ ನಂಬರನ್ನೂ ಬಾಯಲ್ಲಿ ಹೇಳಿಸಿ ಅಭ್ಯಾಸ ಮಾಡಿಸಬೇಕು.

ವರ್ಷಕ್ಕೆ ಎರಡು ಸಲ ಅಭ್ಯಾಸ

ಬರೆದು ಅಂಟಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಡೆದು ನೋಡುವುದು. ಇದಕ್ಕೆ ಯುಗಾದಿ ಮತ್ತು ಗೌರಿ-ಗಣೇಶ ಹಬ್ಬಗಳನ್ನು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಯುಗಾದಿಯ ಹಿಂದೆಯೇ ಮುಂಗಾರಿಗೆ ಮೊದಲಿನ ಗುಡುಗುಮಳೆ ಬರುತ್ತದೆ. ಗೌರಿಹಬ್ಬದ ಹೊತ್ತಿಗೆ ಬೆಂಗಳೂರಿನ ಕಡೆ ಹೆಚ್ಚು ಮಳೆ ಬೀಳುವ ತಿಂಗಳುಗಳು ಬಂದಿರುತ್ತವೆ. ಹೇಗೂ ಹಬ್ಬಕ್ಕೆ ಮನೆಯವರೆಲ್ಲ ಸೇರುತ್ತಾರೆ, ನಗರದ ಮಕ್ಕಳು ಊರಿಗೆ ಬರುತ್ತಾರೆ.

ಆ ದಿನ ಚೀಲವನ್ನು ಬಿಚ್ಚಿ ಅವಧಿ ಮುಗಿದ ಮಾತ್ರೆ ತೆಗೆದು ಹೊಸದನ್ನು ಇಡಿ. ಟಾರ್ಚನ್ನು ಹಾಕಿ ನೋಡಿ. ಮಗುವಿಗೆ ದೊಡ್ಡದಾದ ಬಟ್ಟೆ ಇಡಿ. ಆಮೇಲೆ ಒಬ್ಬರು "ಬೆಂಕಿ" ಎಂದು ಕೂಗಲಿ. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಿ ಬೀದಿಯ ಕೊನೆಯ ಜಾಗಕ್ಕೆ ಬರಲಿ. ನೆರೆಯವರಿಗೆ ಮುಂಚೆ ತಿಳಿಸುವುದನ್ನು ಮಾತ್ರ ಮರೆಯಬೇಡಿ. ಮಕ್ಕಳಿಗೆ ಇದು ಆಟ. ದೊಡ್ಡವರಿಗೆ ತಪ್ಪುಗಳು ತಿಳಿಯುತ್ತವೆ. ಗೇಟಿನ ಬೀಗ ತುಕ್ಕು ಹಿಡಿದಿರುವುದು, ಮೆಟ್ಟಿಲಿನಲ್ಲಿ ಹಳೆಯ ಸಾಮಾನು ತುಂಬಿರುವುದು, ಅಜ್ಜಿಯ ಚಪ್ಪಲಿ ಮಂಚದ ಕೆಳಗೆ ಸಿಗದಿರುವುದು, ಇಂಥವೆಲ್ಲ ಅಭ್ಯಾಸದಲ್ಲೇ ಕಾಣುತ್ತವೆ.

ಇಂಥ ಮಾತು ಅಪಶಕುನವೆಂದು ಕೆಲವು ಹಿರಿಯರು ಹಿಂಜರಿಯಬಹುದು. ಅವರಿಗೆ ಹೀಗೆ ಹೇಳಬಹುದು: ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು ಮನೆ ಸೋರಲಿ ಎಂದಲ್ಲ. ಬಿತ್ತನೆಗೆ ಮೊದಲು ಬೀಜ ಕಟ್ಟಿಡುವುದು ಬರ ಬರಲಿ ಎಂದಲ್ಲ. ಇದೂ ಅಂಥದೇ ಸಂಸಾರದ ಕೆಲಸ.

ಗ್ರಾಮಸ್ಥ ಬಂಧುಗಳೇ, ಈ ಪತ್ರಿಕೆ ನಿಮ್ಮ ಕೈ ಸೇರಿದ ವಾರದಲ್ಲೇ ಬೆಂಗಳೂರಿನ ಮಕ್ಕಳಿಗೆ ಒಂದು ಫೋನ್ ಮಾಡಿರಿ. "ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರು ಇರುತ್ತೀರಿ?" ಎಂದು ಕೇಳಿರಿ. ಅದೇ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿಯೂ ಕೇಳಿಕೊಳ್ಳಿರಿ. ಏರ್ಪಾಡು ಅಲ್ಲಿಂದಲೇ ಮೊದಲಾಗುತ್ತದೆ. ಸ್ತ್ರೀಶಕ್ತಿ ಸಂಘದವರೂ ಯುವಕ ಸಂಘದವರೂ ತಮ್ಮ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಓದಿಸಿ, ಪ್ರತಿ ಮನೆಗೂ ಒಂದೊಂದು ಹಾಳೆ ಬರೆಸಿದರೆ ಅದು ಊರಿಗೆ ಮಾಡಿದ ದೊಡ್ಡ ಉಪಕಾರವಾಗುತ್ತದೆ.